ಸಾಲ್ಮೆಟೆರಾಲ್ ಪ್ರಕರಣ: ಆಸ್ತಮಾ ಇನ್ಹೇಲರ್‌ನಲ್ಲಿ ಒಂದೇ ಔಷಧ ಸಾಕಾ, ಎರಡು ಬೇಕಾ?

2003ರ ಜನವರಿಯಲ್ಲಿ ಅಮೆರಿಕದಲ್ಲಿ ಆಸ್ತಮಾ ಔಷಧದ ಒಂದು ದೊಡ್ಡ ಪ್ರಯೋಗವನ್ನು ಅರ್ಧದಲ್ಲೇ ನಿಲ್ಲಿಸಿದರು. 1996ರಿಂದ ನಡೆಯುತ್ತಿತ್ತು, 26,355 ರೋಗಿಗಳು ಸೇರಿದ್ದರು. ಅರ್ಧ ಜನಕ್ಕೆ ಸಾಲ್ಮೆಟೆರಾಲ್ ಇನ್ಹೇಲರ್ ಕೊಟ್ಟಿದ್ದರು. ಇನ್ನರ್ಧ ಜನಕ್ಕೆ ನೋಡೋಕೆ ಥೇಟ್ ಹಾಗೇ ಇರುವ, ಆದರೆ ಒಳಗೆ ಔಷಧ ಇಲ್ಲದ ಇನ್ಹೇಲರ್. ಯಾರಿಗೆ ಯಾವುದು ಸಿಕ್ಕಿದೆ ಅಂತ ರೋಗಿಗೂ ಗೊತ್ತಿರಲಿಲ್ಲ, ಡಾಕ್ಟರಿಗೂ ಗೊತ್ತಿರಲಿಲ್ಲ. ಲೆಕ್ಕ ತೆಗೆದಾಗ ಆಸ್ತಮಾದಿಂದಲೇ ಸತ್ತವರು ಔಷಧದ ಗುಂಪಿನಲ್ಲಿ 13 ಜನ, ಔಷಧ ಇಲ್ಲದ ಗುಂಪಿನಲ್ಲಿ 3 ಜನ.

ಇವತ್ತು ಅದೇ ಸಾಲ್ಮೆಟೆರಾಲ್ ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಫ್ಲುಟಿಕಾಸೋನ್ ಅನ್ನುವ ಸ್ಟೆರಾಯ್ಡ್ ಜೊತೆ ಒಂದೇ ಇನ್ಹೇಲರ್‌ನಲ್ಲಿ ಸಿಗುತ್ತದೆ. ಎದೆರೋಗದ ಡಾಕ್ಟರುಗಳು ಹಿಂದೆಮುಂದೆ ನೋಡದೆ ಬರೆದುಕೊಡುತ್ತಾರೆ. ಅವರು ಬರೆಯುವುದು ತಪ್ಪೂ ಅಲ್ಲ. ಒಂಟಿಯಾಗಿ ಕೊಟ್ಟಾಗ ಸಾವು ಜಾಸ್ತಿ ಮಾಡಿದ ಔಷಧ ಜೊತೆಯಲ್ಲಿ ಕೊಟ್ಟಾಗ ಉಪಯೋಗಕ್ಕೆ ಬಂದಿದ್ದು ಹೇಗೆ? ಅದು ಗೊತ್ತಾಗಲು ಹದಿನೈದು ವರ್ಷ ಬೇಕಾಯಿತು. ದೊಡ್ಡವರ ಆಸ್ತಮಾಗೆ ಒಂದು ಔಷಧ ಸಾಕೋ ಎರಡು ಬೇಕೋ ಅನ್ನುವ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ಗೊತ್ತಿಲ್ಲ.

ಎರಡು ತೊಂದರೆ, ಎರಡು ಔಷಧ

ಆಸ್ತಮಾದಲ್ಲಿ ಶ್ವಾಸನಾಳದೊಳಗೆ ಎರಡು ತೊಂದರೆ ಒಟ್ಟಿಗೆ ನಡೆಯುತ್ತಿರುತ್ತವೆ. ನಾಳದ ಸುತ್ತ ಇರುವ ಮಾಂಸಖಂಡ ಬಿಗಿದುಕೊಳ್ಳುತ್ತದೆ. ಅದು ಒಂದು. ನಾಳದ ಒಳಗೋಡೆ ಊದಿಕೊಂಡು, ಕೆಂಪಾಗಿ, ಅಂಟು ಕಫ ಸುರಿಸುತ್ತಿರುತ್ತದೆ. ಇದು ಉರಿಯೂತ, ಎರಡನೆಯದು. ಮೊದಲನೆಯದು ರೋಗಿಗೆ ತಕ್ಷಣ ಗೊತ್ತಾಗುತ್ತದೆ. ದಮ್ಮು ಕಟ್ಟುತ್ತದೆ, ಎದೆಯಲ್ಲಿ ಸುಂಯ್ ಸುಂಯ್ ಅನ್ನುತ್ತದೆ. ಎರಡನೆಯದು ಸುಮ್ನೆ ಒಳಗೊಳಗೇ ಇರುತ್ತದೆ. ಉಸಿರು ಚೆನ್ನಾಗಿರುವ ದಿನವೂ ಇರುತ್ತದೆ.

ಸಾಲ್ಬುಟಮಾಲ್ ಮಾಂಸಖಂಡ ಸಡಿಲ ಮಾಡುತ್ತದೆ. ಕೆಲವೇ ನಿಮಿಷದಲ್ಲಿ ಕೆಲಸ ಶುರು, ನಾಲ್ಕರಿಂದ ಆರು ಗಂಟೆಯಲ್ಲಿ ಮುಗಿಯಿತು. ಇದು ಎಲ್ಲರಿಗೂ ಗೊತ್ತಿರುವ ನೀಲಿ ಪಂಪ್. ಸಾಲ್ಮೆಟೆರಾಲ್ ಮತ್ತು ಫಾರ್ಮೊಟೆರಾಲ್ ಇದೇ ಜಾತಿಯವು, ಆದರೆ ಹನ್ನೆರಡು ಗಂಟೆ ನಿಲ್ಲುತ್ತವೆ. ಬೆಕ್ಲೋಮೆಥಾಸೋನ್, ಬುಡೆಸೊನೈಡ್, ಫ್ಲುಟಿಕಾಸೋನ್ ಸ್ಟೆರಾಯ್ಡ್‌ಗಳು. ಅವು ಉರಿಯೂತ ಇಳಿಸುತ್ತವೆ. ನಿಧಾನ. ದಿನಗಟ್ಟಲೆ, ವಾರಗಟ್ಟಲೆ ತಗೊಂಡರೆ ಫಲ ಕಾಣುತ್ತದೆ. ಸೇದಿದ ತಕ್ಷಣ ಏನೂ ಅನ್ನಿಸುವುದಿಲ್ಲ. ಈ ಪ್ರಕರಣದಲ್ಲಿ ಮುಂದೆ ಆಗಿದ್ದಕ್ಕೆಲ್ಲ ಬೇರು ಇಲ್ಲೇ ಇದೆ: ಹಿತ ಕೊಡುವ ಔಷಧ ಒಂದು, ರೋಗ ಇಳಿಸುವ ಔಷಧ ಇನ್ನೊಂದು.

ಹಳೆಯ ಭಯ

ಶ್ವಾಸನಾಳ ಅಗಲ ಮಾಡುವ ಔಷಧಗಳ ಬಗ್ಗೆ ಅನುಮಾನ 2003ರಲ್ಲಿ ಹುಟ್ಟಿದ್ದಲ್ಲ. 1960ರ ದಶಕದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆಸ್ತಮಾ ಸಾವು ಇದ್ದಕ್ಕಿದ್ದ ಹಾಗೆ ಏರಿತ್ತು. ಆಗ ಐಸೊಪ್ರಿನಲಿನ್ ಅನ್ನುವ ಔಷಧವನ್ನು ಐದು ಪಟ್ಟು ಗಟ್ಟಿ ಮಾಡಿ ಇನ್ಹೇಲರ್‌ನಲ್ಲಿ ಮಾರುತ್ತಿದ್ದರು. ಎಚ್ಚರಿಕೆ ಕೊಟ್ಟ ಮೇಲೆ ಸಾವು ಇಳಿಯಿತು. ಹತ್ತು ವರ್ಷ ಕಳೆದು ನ್ಯೂಜಿಲೆಂಡ್‌ನಲ್ಲಿ ಅದೇ ಕಥೆ. 1976ರಲ್ಲಿ ಫೆನೊಟೆರಾಲ್ ಅಲ್ಲಿಗೆ ಬಂತು. ಸಾವು ಏರತೊಡಗಿತು. 1989ರಲ್ಲಿ ವೆಲ್ಲಿಂಗ್ಟನ್‌ನ ಸಂಶೋಧಕರು ಎರಡಕ್ಕೂ ನಂಟಿದೆ ಅಂತ ತೋರಿಸಿದರು. ಆ ಔಷಧದ ಬಳಕೆಗೆ ಕಡಿವಾಣ ಹಾಕಿದ ಮೇಲೆ ಅಲ್ಲೂ ಸಾವು ಇಳಿಯಿತು.

ಹಾಗಾಗಿ 1990ರಲ್ಲಿ ಸಾಲ್ಮೆಟೆರಾಲ್ ಬ್ರಿಟನ್ ಮಾರುಕಟ್ಟೆಗೆ ಬಂದಾಗ ಕಣ್ಣು ಮುಚ್ಚಿಕೊಂಡು ನಂಬುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. 25,180 ರೋಗಿಗಳ ಮೇಲೆ 16 ವಾರ ಪರೀಕ್ಷೆ ಮಾಡಿ ನೋಡಿದರು. ಮೂವರಲ್ಲಿ ಇಬ್ಬರಿಗೆ ಸಾಲ್ಮೆಟೆರಾಲ್, ಒಬ್ಬರಿಗೆ ಸಾಲ್ಬುಟಮಾಲ್. 1993ರಲ್ಲಿ ಫಲಿತಾಂಶ ಬಂತು: ಸಾಲ್ಮೆಟೆರಾಲ್ ಪಡೆದ 16,787 ಜನರಲ್ಲಿ 12 ಆಸ್ತಮಾ ಸಾವು, ಸಾಲ್ಬುಟಮಾಲ್ ಪಡೆದ 8,393 ಜನರಲ್ಲಿ 2. ಗುಂಪಿನ ಗಾತ್ರ ನೋಡಿ ಲೆಕ್ಕ ಹಾಕಿದರೆ ಮೂರು ಪಟ್ಟು. ಆದರೆ ಸಾವಿನ ಸಂಖ್ಯೆಯೇ ಇಷ್ಟು ಕಮ್ಮಿ ಇರುವಾಗ ಈ ವ್ಯತ್ಯಾಸ ಆಕಸ್ಮಿಕವಾಗಿಯೂ ಬಂದಿರಬಹುದು ಅಂತ ಸಂಖ್ಯಾಶಾಸ್ತ್ರ ಹೇಳಿತು. 1994ರಲ್ಲಿ ಅಮೆರಿಕವೂ ಸಾಲ್ಮೆಟೆರಾಲ್‌ಗೆ ಒಪ್ಪಿಗೆ ಕೊಟ್ಟಿತು. ಅನುಮಾನ ಮಾತ್ರ ಬಗೆಹರಿಯಲಿಲ್ಲ. ಅದನ್ನು ಬಗೆಹರಿಸಲು ಶುರು ಮಾಡಿದ್ದೇ 1996ರ ದೊಡ್ಡ ಪ್ರಯೋಗ. ಅದರ ಹೆಸರು ಸ್ಮಾರ್ಟ್.

ಪ್ರಯೋಗ ನಡೆದ ರೀತಿ

ಹನ್ನೆರಡು ವರ್ಷ ದಾಟಿದವರು ಸೇರಬಹುದಿತ್ತು. ಅದುವರೆಗೆ ಏನು ಚಿಕಿತ್ಸೆ ತಗೊಳ್ಳುತ್ತಿದ್ದರೋ ಅದು ಹಾಗೇ ಮುಂದುವರಿಯಬೇಕು. ಅದರ ಮೇಲೆ ದಿನಕ್ಕೆ ಎರಡು ಹೊತ್ತು ಸಾಲ್ಮೆಟೆರಾಲ್ ಅಥವಾ ಖಾಲಿ ಇನ್ಹೇಲರ್, 28 ವಾರ. ಕ್ಲಿನಿಕ್‌ಗೆ ಬರುವುದು ಒಂದೇ ಸಲ. ಆಮೇಲೆ ನಾಲ್ಕು ವಾರಕ್ಕೊಮ್ಮೆ ಫೋನ್. ಮೊದಲ ಹಂತದಲ್ಲಿ, ಅಂದರೆ 1999ರವರೆಗೆ, ಪತ್ರಿಕೆ, ರೇಡಿಯೊ, ಟಿವಿ ಜಾಹೀರಾತು ಕೊಟ್ಟು ಜನರನ್ನು ಸೇರಿಸಿದರು. ಎರಡನೇ ಹಂತದಲ್ಲಿ ಡಾಕ್ಟರುಗಳು ತಮ್ಮ ರೋಗಿಗಳನ್ನೇ ಸೇರಿಸಿದರು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಸೇರಿದವರಲ್ಲಿ ಸ್ಟೆರಾಯ್ಡ್ ಇನ್ಹೇಲರ್ ಬಳಸುತ್ತಿದ್ದೇವೆ ಅಂದವರು ಸುಮಾರು 47% ಮಾತ್ರ. ಉಳಿದ ಅರ್ಧಕ್ಕಿಂತ ಜಾಸ್ತಿ ಜನ ಉರಿಯೂತಕ್ಕೆ ಸೇದುವ ಔಷಧ ಏನೂ ಇಲ್ಲದೆ ಸಾಲ್ಮೆಟೆರಾಲ್ ಶುರು ಮಾಡಿದರು. ಬಳಸುತ್ತೇವೆ ಅಂದವರೂ ಆ 28 ವಾರ ನಿಜವಾಗಿ ಬಳಸಿದರಾ? ಅದನ್ನು ಯಾರೂ ಬರೆದಿಟ್ಟುಕೊಳ್ಳಲಿಲ್ಲ. ಸೇರುವ ದಿನ ಕೇಳಿದ್ದಷ್ಟೇ. ಹಾಗೆ ನೋಡಿದರೆ ಈ ಪ್ರಯೋಗ ‘ಒಂಟಿ ಔಷಧ ಒಳ್ಳೆಯದೋ ಜೋಡಿ ಔಷಧವೋ’ ಅಂತ ಕೇಳಲೇ ಇಲ್ಲ. ‘ಇರುವ ಚಿಕಿತ್ಸೆ ಹೇಗಾದರೂ ಇರಲಿ, ಅದರ ಮೇಲೆ ಸಾಲ್ಮೆಟೆರಾಲ್ ಹಾಕಿದರೆ ಏನಾಗುತ್ತದೆ’ ಅಂತ ಕೇಳಿತು. ಆದರೂ ಅದರ ಕೋಷ್ಟಕಗಳನ್ನು ಬಿಡಿಸಿ ನೋಡಿದರೆ ಕೇಳದ ಪ್ರಶ್ನೆಗೂ ಒಂದು ಸುಳಿವು ಸಿಗುತ್ತದೆ.

13 ಮತ್ತು 3ರ ಒಳಗೆ

ಮೊದಲು ಒಟ್ಟು ಚಿತ್ರ. ಪ್ರಯೋಗ ಮುಖ್ಯವಾಗಿ ಅಳೆಯಲು ಹೊರಟಿದ್ದು ಉಸಿರಾಟದ ತೊಂದರೆಯಿಂದ ಆದ ಸಾವು ಮತ್ತು ಜೀವಕ್ಕೆ ಕುತ್ತು ತಂದ ಘಟನೆ, ಎರಡನ್ನೂ ಸೇರಿಸಿ. ಅದು ಸಾಲ್ಮೆಟೆರಾಲ್ ಗುಂಪಿನಲ್ಲಿ 50, ಖಾಲಿ ಇನ್ಹೇಲರ್ ಗುಂಪಿನಲ್ಲಿ 36. ಈ ವ್ಯತ್ಯಾಸ ಖಚಿತ ಅನ್ನುವ ಮಟ್ಟ ಮುಟ್ಟಲಿಲ್ಲ. ಬರೀ ಆಸ್ತಮಾ ಸಾವು ತಗೊಂಡರೆ 13 ಮತ್ತು 3. ಇದು ನಾಲ್ಕು ಪಟ್ಟಿಗಿಂತ ಜಾಸ್ತಿ, ಮತ್ತು ಖಚಿತ.

ಒಬ್ಬೊಬ್ಬ ರೋಗಿಯ ಕಡೆಯಿಂದ ನೋಡಿದರೆ ಅಪಾಯ ಸಣ್ಣದೇ. 13,176 ಜನರಲ್ಲಿ 13 ಅಂದರೆ ಸಾವಿರಕ್ಕೆ ಒಬ್ಬರೂ ಪೂರ್ತಿ ಇಲ್ಲ. ಈ ಮಾತನ್ನು ಸಮಾಧಾನಕ್ಕೆ ಹೇಳುವವರಿದ್ದಾರೆ. ನನಗೆ ಇದು ಒಪ್ಪಿಗೆ ಇಲ್ಲ. ಲಕ್ಷಾಂತರ ಜನ ವರ್ಷಗಟ್ಟಲೆ ತಗೊಳ್ಳುವ ಔಷಧದಲ್ಲಿ ಸಾವಿರಕ್ಕೆ ಒಬ್ಬರು ಅನ್ನುವುದು ಸಣ್ಣ ಮಾತಲ್ಲ. ಅದೂ ಆಸ್ತಮಾ ಅಂದರೆ ಚಿಕಿತ್ಸೆ ಸರಿಯಿದ್ದರೆ ಸಾಯಲೇಬಾರದ ರೋಗ.

ಈಗ ಸ್ಟೆರಾಯ್ಡ್ ಲೆಕ್ಕ. ಪ್ರಯೋಗಕ್ಕೆ ಸೇರುವಾಗ ಸ್ಟೆರಾಯ್ಡ್ ಇನ್ಹೇಲರ್ ಬಳಸದೆ ಇದ್ದವರಲ್ಲಿ ಸಾಲ್ಮೆಟೆರಾಲ್ ಸಿಕ್ಕವರು 7,049, ಖಾಲಿ ಇನ್ಹೇಲರ್ ಸಿಕ್ಕವರು 7,041. ಆಸ್ತಮಾ ಸಾವು 9 ಮತ್ತು 0. ಸ್ಟೆರಾಯ್ಡ್ ಬಳಸುತ್ತಿದ್ದವರಲ್ಲಿ 6,127 ಮತ್ತು 6,138. ಸಾವು 4 ಮತ್ತು 3.

ಒಂಬತ್ತಕ್ಕೆ ಸೊನ್ನೆ, ನಾಲ್ಕಕ್ಕೆ ಮೂರು. ಉತ್ತರ ಇಲ್ಲೇ ಇದೆಯಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಇದನ್ನೇ ತೀರ್ಪು ಅಂದುಕೊಂಡರೆ ಕಷ್ಟ. ಸಂಖ್ಯೆಗಳು ತುಂಬ ಚಿಕ್ಕವು. ಯಾರು ಸ್ಟೆರಾಯ್ಡ್ ತಗೊಳ್ಳಬೇಕು, ಯಾರು ಬೇಡ ಅಂತ ಚೀಟಿ ಎತ್ತಿ ಹಂಚಿದ್ದಲ್ಲ. ತಗೊಳ್ಳುತ್ತಿದ್ದವರ ರೋಗವೇ ಬೇರೆ ಥರ ಇರಬಹುದು, ಅವರ ಡಾಕ್ಟರು, ಅವರ ದುಡ್ಡುಕಾಸು ಕೂಡ ಬೇರೆ ಥರ ಇರಬಹುದು. ಹಾಗಾಗಿ ಮುಂದಿನ ಹತ್ತು ವರ್ಷ ಜಗಳ ನಡೆದದ್ದು ಇದೇ ನಾಲ್ಕು ಸಂಖ್ಯೆಗಳ ಮೇಲೆ.

ಇನ್ನೊಂದು ವಿಷಯ ಎಲ್ಲರನ್ನೂ ಕಾಡಿತು. ಸೇರಿದವರಲ್ಲಿ ಆಫ್ರಿಕನ್ ಅಮೆರಿಕನ್ನರು ಸುಮಾರು 18%. ಅವರಲ್ಲಿ ಆಸ್ತಮಾ ಸಾವು 7 ಮತ್ತು 1. ಅಂದರೆ ಔಷಧದ ಗುಂಪಿನ 13 ಸಾವಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅವರದ್ದೇ. ವಂಶವಾಹಿಯಲ್ಲಿ ಏನಾದರೂ ಇದೆಯಾ ಅಂತ ಹುಡುಕಾಟ ನಡೆಯಿತು. 2015ರಲ್ಲಿ ಕಪ್ಪು ಜನಾಂಗದ ದೊಡ್ಡವರ ಮೇಲೆಯೇ ನಡೆದ ಒಂದು ಅಧ್ಯಯನದಲ್ಲಿ, ಅನುಮಾನ ಇದ್ದ ವಂಶವಾಹಿಗೂ ಫಲಿತಾಂಶಕ್ಕೂ ನಂಟು ಕಾಣಲಿಲ್ಲ. ಕೋಷ್ಟಕದಲ್ಲಿ ಕಣ್ಣಿಗೆ ಹೊಡೆಯುವ ಸಂಗತಿ ಬೇರೆಯೇ ಇದೆ. ಪ್ರಯೋಗ ಶುರುವಾದಾಗ ಸ್ಟೆರಾಯ್ಡ್ ಬಳಸುತ್ತಿದ್ದವರು ಬಿಳಿಯರಲ್ಲಿ 49%, ಇವರಲ್ಲಿ 38%. ಇದೊಂದೇ ಕಾರಣ ಅನ್ನಲಾಗದು. ಆದರೆ ಸರಿಯಾದ ಔಷಧ ಕೈಗೆ ಸಿಗದವರ ಮೇಲೆಯೇ ಒಂಟಿ ಔಷಧದ ಹೊಡೆತ ಜಾಸ್ತಿ ಬಿತ್ತು ಅನ್ನುವ ಅನುಮಾನ ನನಗಂತೂ ಹೋಗಿಲ್ಲ.

ಮೀಟರ್ ಚೆನ್ನಾಗಿತ್ತು, ಕಫ ಬೇರೆ ಹೇಳಿತು

ಸಾವು ಯಾಕಾಯಿತು ಅನ್ನುವುದಕ್ಕೆ ಒಳ್ಳೆಯ ಸುಳಿವು ಸಿಕ್ಕಿದ್ದು ಒಂದು ಚಿಕ್ಕ ಅಧ್ಯಯನದಲ್ಲಿ. 2001ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದವರು ಬರೀ 164 ಜನ. ಎಲ್ಲರಿಗೂ ಮೊದಲು ಸ್ಟೆರಾಯ್ಡ್ ಇನ್ಹೇಲರ್ ಕೊಟ್ಟು ಆಸ್ತಮಾ ಹತೋಟಿಗೆ ತಂದರು. ಆಮೇಲೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಸ್ಟೆರಾಯ್ಡ್ ಮುಂದುವರಿಸಿದರು. ಇನ್ನೊಂದಕ್ಕೆ ಸ್ಟೆರಾಯ್ಡ್ ತೆಗೆದು ಸಾಲ್ಮೆಟೆರಾಲ್ ಮಾತ್ರ. ಮೂರನೆಯದಕ್ಕೆ ಖಾಲಿ ಇನ್ಹೇಲರ್. 16 ವಾರ ನೋಡಿದರು.

ದಿನಾ ಬೆಳಿಗ್ಗೆ ರೋಗಿ ಒಂದು ಕೊಳವೆಗೆ ಜೋರಾಗಿ ಊದುತ್ತಾನೆ. ಉಸಿರು ಎಷ್ಟು ವೇಗವಾಗಿ ಹೊರಬರುತ್ತದೆ ಅಂತ ಮುಳ್ಳು ತೋರಿಸುತ್ತದೆ. ಅದು ಪೀಕ್ ಫ್ಲೋ ಮೀಟರ್. ಸ್ಟೆರಾಯ್ಡ್ ಗುಂಪಿನ ಮುಳ್ಳೂ ಸಾಲ್ಮೆಟೆರಾಲ್ ಗುಂಪಿನ ಮುಳ್ಳೂ ಹೆಚ್ಚುಕಮ್ಮಿ ಒಂದೇ ಕಡೆ ನಿಂತವು. ರೋಗಲಕ್ಷಣಗಳಲ್ಲೂ ದೊಡ್ಡ ವ್ಯತ್ಯಾಸ ಇಲ್ಲ. ಅಷ್ಟಕ್ಕೇ ನಿಲ್ಲಿಸಿದ್ದರೆ ಎರಡೂ ಒಂದೇ ಅಂತ ಬರೆದು ಮುಗಿಸಬಹುದಿತ್ತು. ಆದರೆ ಕಫ ತೆಗೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಸಾಲ್ಮೆಟೆರಾಲ್ ಗುಂಪಿನಲ್ಲಿ ಇಯೊಸಿನೊಫಿಲ್ ಕಣಗಳು ಏರಿದ್ದವು. ಅಂದರೆ ಒಳಗೆ ಉರಿಯೂತ ಮತ್ತೆ ಹೊತ್ತಿಕೊಂಡಿತ್ತು. ಚಿಕಿತ್ಸೆ ಕೈಕೊಟ್ಟಿದ್ದು ಸ್ಟೆರಾಯ್ಡ್ ಗುಂಪಿನಲ್ಲಿ 6% ಜನಕ್ಕೆ, ಸಾಲ್ಮೆಟೆರಾಲ್ ಗುಂಪಿನಲ್ಲಿ 24% ಜನಕ್ಕೆ.

ಹುಳುಕು ಹಲ್ಲಿಗೆ ನೋವಿನ ಮಾತ್ರೆ ನುಂಗುತ್ತಾ ಕೂತ ಹಾಗೆ ಇದು. ನೋವು ಇಲ್ಲ ಅಂತ ಹಲ್ಲು ನೆಟ್ಟಗಾಗುವುದಿಲ್ಲ. ಉರಿಯೂತ ಏರುತ್ತಿರುವಾಗ ದೇಹ ಕೊಡಬೇಕಾದ ಎಚ್ಚರಿಕೆಯನ್ನು, ಆ ದಮ್ಮು, ರಾತ್ರಿಯ ಕೆಮ್ಮನ್ನು, ಹನ್ನೆರಡು ಗಂಟೆ ನಿಲ್ಲುವ ಔಷಧ ಮುಚ್ಚಿಬಿಡುತ್ತದೆ. ಕೊನೆಗೆ ಒಂದು ದಿನ ಔಷಧಕ್ಕೂ ಬಗ್ಗದಷ್ಟು ನಾಳ ಕಟ್ಟಿಕೊಂಡಾಗ ಆಸ್ಪತ್ರೆಗೆ ಹೋಗುವಷ್ಟು ಸಮಯ ಉಳಿದಿರುವುದಿಲ್ಲ. ಸ್ಮಾರ್ಟ್‌ನ ಸಾವುಗಳಿಗೆ ಇದೇ ಕಾರಣ ಅಂತ ಯಾರೂ ಸಾಬೀತು ಮಾಡಿಲ್ಲ. ಆದರೆ ಇಲ್ಲಿಯವರೆಗೆ ಬಂದ ವಿವರಣೆಗಳಲ್ಲಿ ಆ 9 ಮತ್ತು 0ಗೆ ಚೆನ್ನಾಗಿ ಹೊಂದುವುದು ಇದೇ.

ಸ್ಟೆರಾಯ್ಡ್ ಒಂಟಿಯಾಗಿದ್ದರೆ?

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ‘ಒಂಟಿ ಔಷಧ ಅಪಾಯ, ಜೋಡಿ ಔಷಧ ಒಳ್ಳೆಯದು’ ಅಂತ ಅವಸರದಲ್ಲಿ ಹೇಳಿಬಿಟ್ಟರೆ ತಪ್ಪಾಗುತ್ತದೆ. ಒಂಟಿಯಾಗಿರುವುದು ಯಾವುದು ಅನ್ನುವುದೇ ಮುಖ್ಯ. ಸ್ಟೆರಾಯ್ಡ್ ಒಂದೇ ಇದ್ದರೆ ಅಂಥ ಅಪಾಯ ಏನೂ ಇಲ್ಲ. ಕೆನಡಾದ ಸಸ್ಕಾಚವಾನ್ ಪ್ರಾಂತ್ಯದ ದಾಖಲೆ ಇಟ್ಟುಕೊಂಡು 2000ರಲ್ಲಿ ಬಂದ ಅಧ್ಯಯನದಲ್ಲಿ, ಹಿಂದಿನ ಒಂದು ವರ್ಷದಲ್ಲಿ ಬಳಸಿದ ಪ್ರತಿ ಹೆಚ್ಚುವರಿ ಸ್ಟೆರಾಯ್ಡ್ ಡಬ್ಬಿಗೂ ಆಸ್ತಮಾ ಸಾವು 21% ಕಮ್ಮಿಯಾಗಿತ್ತು.

ಸ್ಟೆರಾಯ್ಡ್ ಜೊತೆಗೆ ಎರಡನೆಯದನ್ನು ಸೇರಿಸಿದರೆ ಎಷ್ಟು ಲಾಭ? 1997ರಲ್ಲಿ ಬಂದ, 852 ರೋಗಿಗಳ ಒಂದು ವರ್ಷದ ಅಧ್ಯಯನ ಇದಕ್ಕೆ ನನ್ನ ಮೆಚ್ಚಿನ ಉತ್ತರ. ಕಮ್ಮಿ ಪ್ರಮಾಣದ ಬುಡೆಸೊನೈಡ್‌ಗೆ ಫಾರ್ಮೊಟೆರಾಲ್ ಸೇರಿಸಿದಾಗ ಜೋರಾದ ದಾಳಿಗಳು 26% ಇಳಿದವು. ಫಾರ್ಮೊಟೆರಾಲ್ ಇಲ್ಲದೆ ಬುಡೆಸೊನೈಡ್ ಪ್ರಮಾಣವನ್ನೇ ನಾಲ್ಕು ಪಟ್ಟು ಏರಿಸಿದಾಗ 49% ಇಳಿದವು. ಎರಡೂ ಮಾಡಿದಾಗ 63%. ದಾಳಿ ತಡೆಯುವ ಭಾರ ಹೊರುವುದು ಸ್ಟೆರಾಯ್ಡ್. ಇನ್ನೊಂದು ಅದಕ್ಕೆ ಹೆಗಲು ಕೊಡುತ್ತದೆ, ಜೊತೆಗೆ ದಿನದಿನದ ಉಸಿರಾಟ ಸಲೀಸು ಮಾಡುತ್ತದೆ.

ಸೌಮ್ಯ ಆಸ್ತಮಾದಲ್ಲಿ ಅಷ್ಟೂ ಬೇಕಾಗುವುದಿಲ್ಲ. 2001ರ ಇನ್ನೊಂದು ಅಧ್ಯಯನದಲ್ಲಿ, ಅದುವರೆಗೆ ಸ್ಟೆರಾಯ್ಡ್ ಮುಟ್ಟದೇ ಇದ್ದ ಸೌಮ್ಯ ರೋಗಿಗಳಿಗೆ ಕಮ್ಮಿ ಪ್ರಮಾಣದ ಬುಡೆಸೊನೈಡ್ ಕೊಟ್ಟರು. ಜೋರಾದ ದಾಳಿಯ ಅಪಾಯ 60% ಇಳಿಯಿತು. ಅದರ ಮೇಲೆ ಫಾರ್ಮೊಟೆರಾಲ್ ಸೇರಿಸಿದರೆ ದಾಳಿ ತಡೆಯುವುದರಲ್ಲಿ ಹೆಚ್ಚಿನ ಲಾಭ ಸಿಗಲಿಲ್ಲ. ಎಲ್ಲರಿಗೂ ಮೊದಲ ದಿನದಿಂದಲೇ ಬೆಳಿಗ್ಗೆ ಸಂಜೆ ಜೋಡಿ ಔಷಧ ಅನ್ನುವ ರೂಢಿಗೆ ಇದು ಬೆಂಬಲ ಕೊಡುವುದಿಲ್ಲ.

ನಿಯಮ ಬದಲಾದ ಬಗೆ

ಔಷಧಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ 2003ರಲ್ಲೇ ಸಾಲ್ಮೆಟೆರಾಲ್ ಇರುವ ಔಷಧಗಳ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ, ಅಂದರೆ ಅಲ್ಲಿನ ಅತಿ ಗಂಭೀರ ಎಚ್ಚರಿಕೆ, ಹಾಕಿಸಿತು. ಜೋಡಿ ಇನ್ಹೇಲರ್ ಮೇಲೂ ಹಾಕಿಸಿತು. 2008ರ ಡಿಸೆಂಬರ್‌ನಲ್ಲಿ ತಜ್ಞರ ಸಭೆ ಕೂತಿತು. ಆಸ್ತಮಾಗೆ ಸಾಲ್ಮೆಟೆರಾಲ್ ಆಗಲಿ ಫಾರ್ಮೊಟೆರಾಲ್ ಆಗಲಿ ಒಂಟಿಯಾಗಿ ಬೇಡ, ಸ್ಟೆರಾಯ್ಡ್ ಜೊತೆಗಿನ ಜೋಡಿ ದೊಡ್ಡವರಿಗೆ ಇರಲಿ ಅನ್ನುವ ಕಡೆಗೆ ವಾಲಿತು. 2010ರ ಫೆಬ್ರವರಿಯಲ್ಲಿ ಆದೇಶವೇ ಬಂತು: ಸ್ಟೆರಾಯ್ಡ್‌ನಂಥ ಹತೋಟಿ ಔಷಧ ಇಲ್ಲದೆ ಆಸ್ತಮಾಗೆ ಇವನ್ನು ಕೊಡಕೂಡದು.

ಆದರೆ ಅಸಲಿ ಪ್ರಶ್ನೆ ಹಾಗೇ ಉಳಿಯಿತು. ಜೊತೆಯಲ್ಲಿ ಕೊಟ್ಟರೆ ಅಪಾಯ ನಿಜವಾಗಿ ಹೋಗುತ್ತದಾ, ಇಲ್ಲ ಕಮ್ಮಿಯಾಗಿ ಕಣ್ಣಿಗೆ ಕಾಣದೆ ಇರುತ್ತದಾ? 2011ರಲ್ಲಿ ಎಫ್‌ಡಿಎ ಕಂಪನಿಗಳಿಗೆ ಹೇಳಿತು: ಹೊಸದಾಗಿ ಪ್ರಯೋಗ ಮಾಡಿ ತೋರಿಸಿ. ಈ ಸಲ ಹೋಲಿಕೆ ನೇರವಾಗಿತ್ತು. ಒಂದು ಗುಂಪಿಗೆ ಸ್ಟೆರಾಯ್ಡ್ ಮಾತ್ರ. ಇನ್ನೊಂದು ಗುಂಪಿಗೆ ಅದೇ ಸ್ಟೆರಾಯ್ಡ್, ಅದರೊಳಗೇ ಸಾಲ್ಮೆಟೆರಾಲ್ ಅಥವಾ ಫಾರ್ಮೊಟೆರಾಲ್. 26 ವಾರ. ಸಾವು, ಕೊಳವೆ ಹಾಕಿ ಉಸಿರು ಕೊಡಬೇಕಾದ ಸ್ಥಿತಿ, ಆಸ್ಪತ್ರೆ ಸೇರುವುದು, ಈ ಮೂರನ್ನೂ ಒಟ್ಟು ಸೇರಿಸಿ ಎಣಿಸಬೇಕು. ಅಪಾಯ ದುಪ್ಪಟ್ಟಾಗುವುದಿಲ್ಲ ಅಂತ ತೋರಿಸಬೇಕು.

ಫ್ಲುಟಿಕಾಸೋನ್ ಜೊತೆ ಸಾಲ್ಮೆಟೆರಾಲ್ ಪ್ರಯೋಗ 2016ರಲ್ಲಿ ಬಂತು. 11,679 ರೋಗಿಗಳು, ಒಂದೂ ಆಸ್ತಮಾ ಸಾವಿಲ್ಲ. ಗಂಭೀರ ಘಟನೆ ಆದವರು ಜೋಡಿ ಔಷಧದಲ್ಲಿ 34 ಜನ, ಸ್ಟೆರಾಯ್ಡ್ ಒಂದರಲ್ಲಿ 33 ಜನ. ಬುಡೆಸೊನೈಡ್ ಜೊತೆ ಫಾರ್ಮೊಟೆರಾಲ್ ಪ್ರಯೋಗವೂ ಅದೇ ವರ್ಷ ಬಂತು, ಹೆಚ್ಚುಕಮ್ಮಿ ಅದೇ ಮಾತು ಹೇಳಿತು. 2017ರ ಡಿಸೆಂಬರ್‌ನಲ್ಲಿ ಜೋಡಿ ಇನ್ಹೇಲರ್‌ಗಳ ಮೇಲಿನ ಕಪ್ಪು ಚೌಕಟ್ಟು ತೆಗೆದರು. ಒಂಟಿ ಸಾಲ್ಮೆಟೆರಾಲ್ ಮೇಲಿನದು ತೆಗೆಯಲಿಲ್ಲ.

2018ರಲ್ಲಿ ಹನ್ನೆರಡು ವರ್ಷ ದಾಟಿದವರ ಪ್ರಯೋಗಗಳನ್ನೆಲ್ಲ ಸೇರಿಸಿ ಲೆಕ್ಕ ಕಟ್ಟಿದರು. ಒಟ್ಟು 36,010 ಜನ. ಗಂಭೀರ ಘಟನೆ ಸ್ಟೆರಾಯ್ಡ್ ಒಂದರಲ್ಲಿ 0.60%, ಜೋಡಿಯಲ್ಲಿ 0.66%. ವ್ಯತ್ಯಾಸ ಇಲ್ಲ ಅನ್ನಬಹುದಾದಷ್ಟು. ಆಸ್ತಮಾ ಸಾವು ಎರಡು, ಎರಡೂ ಜೋಡಿ ಗುಂಪಿನಲ್ಲಿ. ಜೋಡಿ ಔಷಧ ಪಡೆದ 18,004 ಜನರಲ್ಲಿ ಎರಡು. ಸ್ಮಾರ್ಟ್‌ನಲ್ಲಿ 13,176ರಲ್ಲಿ 13 ಇತ್ತು ಅನ್ನುವುದನ್ನು ಪಕ್ಕದಲ್ಲಿಟ್ಟು ನೋಡಿ. ಇನ್ನು ಲಾಭದ ಕಡೆ: ಸ್ಟೆರಾಯ್ಡ್ ಮಾತ್ರೆ ನುಂಗಬೇಕಾಗುವಂಥ ದಾಳಿ, ಒಂದರಲ್ಲಿ 11.7% ಜನಕ್ಕೆ, ಜೋಡಿಯಲ್ಲಿ 9.8% ಜನಕ್ಕೆ. ಅಂದರೆ ಆರು ತಿಂಗಳು ಸುಮಾರು 50 ಜನಕ್ಕೆ ಜೋಡಿ ಕೊಟ್ಟರೆ ಒಬ್ಬರಿಗೆ ಒಂದು ದಾಳಿ ತಪ್ಪುತ್ತದೆ. ಪವಾಡ ಅಲ್ಲ. ಹಾಗಂತ ತಳ್ಳಿಹಾಕುವಂಥದ್ದೂ ಅಲ್ಲ.

ಈ ಪ್ರಯೋಗಗಳಿಗೂ ಒಂದು ಮಿತಿ ಇದೆ. ಹಿಂದೆ ಜೀವಕ್ಕೆ ಕುತ್ತು ಬಂದಿದ್ದ ರೋಗಿಗಳನ್ನು ಇವಕ್ಕೆ ಸೇರಿಸಿಕೊಂಡಿರಲಿಲ್ಲ. ಸೇರಿದವರನ್ನು ಆಗಾಗ ಕರೆಸಿ ನೋಡುತ್ತಿದ್ದರು. ಒಂದು ಭೇಟಿ, ಆಮೇಲೆ ಬರೀ ಫೋನ್ ಅನ್ನುವ ಸ್ಮಾರ್ಟ್ ರೀತಿಯಲ್ಲ. ಎರಡರ ಅಂಕಿಗಳನ್ನು ನೇರಾನೇರ ತಕ್ಕಡಿಯಲ್ಲಿ ಇಡಲು ಆಗುವುದಿಲ್ಲ.

ಒಂದೇ ಡಬ್ಬಿಯ ಗುಟ್ಟು

ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಎರಡೂ ಒಂದೇ ಡಬ್ಬಿಯಲ್ಲಿ ಇದ್ದವು ಅನ್ನುವ ಸಾದಾ ಸಂಗತಿ. ಬೇರೆ ಬೇರೆ ಇನ್ಹೇಲರ್ ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕಕ್ಕೆ ಹೋಗಬೇಕಿಲ್ಲ. ನಮ್ಮೂರಿನ ಯಾವುದಾದರೂ ಮೆಡಿಕಲ್ ಶಾಪ್ ಕೌಂಟರ್ ಹತ್ತಿರ ನಿಂತರೆ ಸಾಕು. ಈ ಥರ ಮಾತು ಕಿವಿಗೆ ಬೀಳುತ್ತದೆ.

“ಆ ನೀಲಿ ಪಂಪ್ ಒಂದು ಕೊಡಿ ಅಣ್ಣ. ಇನ್ನೊಂದು ಬೇಡ.”

“ಡಾಕ್ಟ್ರು ಎರಡೂ ಬರೆದಿದ್ದಾರಲ್ಲ ಅಮ್ಮ?”

“ಅದು ಸ್ಟೆರಾಯ್ಡ್ ಅಂತೆ. ತಗೊಂಡ್ರೂ ಏನೂ ಗೊತ್ತಾಗಲ್ಲ. ಇದಾದ್ರೆ ಎರಡು ಸಲ ಹೊಡ್ಕೊಂಡ್ರೆ ತಕ್ಷಣ ಉಸಿರು ಬಿಡುತ್ತೆ.”

ಆ ತಾಯಿಯದ್ದು ದಡ್ಡತನ ಅಲ್ಲ. ಯಾವುದರಿಂದ ಹಿತ ಸಿಗುತ್ತದೋ ಅದಕ್ಕೆ ದುಡ್ಡು ಕೊಡುತ್ತಿದ್ದಾರೆ. ಎರಡು ಡಬ್ಬಿ ಇದ್ದಾಗ ಜೋಡಿ ಒಡೆಯುವುದು ರೋಗಿಯ ಕೈಯಲ್ಲಿರುತ್ತದೆ, ಒಡೆದಾಗಲೆಲ್ಲ ಉಳಿಯುವುದು ಹಿತ ಕೊಡುವ ಔಷಧವೇ. ಸ್ಮಾರ್ಟ್‌ನಲ್ಲಿ ಸ್ಟೆರಾಯ್ಡ್ ಬಳಸುತ್ತೇವೆ ಅಂದವರಲ್ಲೂ ಎಷ್ಟು ಜನ, ಸಾಲ್ಮೆಟೆರಾಲ್‌ನಿಂದ ಹಾಯಾಗಿದೆ ಅಂತ ಅದನ್ನು ಮೂಲೆಗೆ ಎಸೆದಿರಬಹುದು? ಒಂದೇ ಡಬ್ಬಿಯಲ್ಲಿ ಇಟ್ಟರೆ ಹಿತದ ಬೆನ್ನಿಗೆ ಚಿಕಿತ್ಸೆಯೂ ಒಳಗೆ ಹೋಗುತ್ತದೆ. ಎರಡು ಔಷಧ ಸೇರಿ ಮಾಡುವ ಕೆಲಸಕ್ಕಿಂತ, ಅವನ್ನು ಬೇರೆ ಮಾಡಲು ಆಗದಿರುವುದರಲ್ಲೇ ಜೋಡಿಯ ಬೆಲೆ ಜಾಸ್ತಿ ಇದೆ ಅನ್ನುವುದು ನನ್ನ ಅಭಿಪ್ರಾಯ.

ಸ್ಟೆರಾಯ್ಡ್ ಭಯಕ್ಕೆ ಒಂದು ಲೆಕ್ಕ ಹೇಳಬಹುದು. ದಿನಕ್ಕೆ 400 ಮೈಕ್ರೋಗ್ರಾಂ ಬುಡೆಸೊನೈಡ್ ಸೇದುವವರು ಜಾಸ್ತಿ. ದಾಳಿ ಆದಾಗ ನುಂಗಿಸುವ ಪ್ರೆಡ್ನಿಸೊಲೋನ್ ಮಾತ್ರೆ ದಿನಕ್ಕೆ 40 ಮಿಲಿಗ್ರಾಂ ಅಂದರೆ 40,000 ಮೈಕ್ರೋಗ್ರಾಂ. ನೂರು ಪಟ್ಟು. ಔಷಧದ ಕಸುವು ಬೇರೆ ಬೇರೆ, ಹಾಗಾಗಿ ಇದು ಬರೀ ತೂಕದ ಲೆಕ್ಕ. ಆದರೂ ಪಂಪ್‌ಗೆ ಹೆದರಿ ಪಂಪ್ ಬಿಟ್ಟವರು ಕೊನೆಗೆ ನುಂಗುವುದು ಅದೇ ಮಾತ್ರೆ. ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು, ಇಲ್ಲವಾದರೆ ನಾಲಿಗೆ ಮೇಲೆ ಬಿಳಿ ಪದರ ಕಟ್ಟಬಹುದು. ದನಿ ಒಡೆಯಲೂಬಹುದು. ಇನ್ನು ರೋಟಾಕ್ಯಾಪ್, ಅಂದರೆ ಸೇದುವ ಪುಡಿ ತುಂಬಿದ ಕ್ಯಾಪ್ಸೂಲ್ ಕೊಟ್ಟರೆ ಅದನ್ನು ರೋಟಾಹೇಲರ್ ಅನ್ನುವ ಸಾಧನಕ್ಕೆ ಹಾಕಿ, ತಿರುಗಿಸಿ, ಜೋರಾಗಿ ಎಳೆಯಬೇಕು ಅಂತ ತೋರಿಸಿಯೇ ಕಳಿಸಬೇಕು. ಮಾತ್ರೆ ಅಂದುಕೊಂಡು ನೀರಿನ ಜೊತೆ ನುಂಗುವವರು ಈಗಲೂ ಇದ್ದಾರೆ.

2019ರ ಅಂದಾಜಿನ ಪ್ರಕಾರ ಜಗತ್ತಿನ ಆಸ್ತಮಾ ರೋಗಿಗಳಲ್ಲಿ ಸುಮಾರು 13% ಭಾರತದವರು. ಆಸ್ತಮಾ ಸಾವಿನಲ್ಲಿ ನಮ್ಮ ಪಾಲು 40% ದಾಟುತ್ತದೆ. ನಮ್ಮಲ್ಲಿ ಒಂಟಿ ಸಾಲ್ಮೆಟೆರಾಲ್ ಬಳಸುವವರು ಕಮ್ಮಿ. ಆ ಜಾಗದಲ್ಲಿ ಕೂತಿರುವುದು ಒಂಟಿ ಸಾಲ್ಬುಟಮಾಲ್.

ನೀಲಿ ಪಂಪ್‌ಗೂ ಅದೇ ತರ್ಕ

ಜೋಡಿ ಒಡೆಯಬಾರದು ಅನ್ನುವ ಯೋಚನೆ ಇತ್ತೀಚೆಗೆ ತುರ್ತು ಇನ್ಹೇಲರ್‌ಗೂ ಬಂದಿದೆ. 2018ರಲ್ಲಿ ಸಿಗ್ಮಾ ಅನ್ನುವ ಎರಡು ಪ್ರಯೋಗಗಳು ಪ್ರಕಟವಾದವು. ಸೌಮ್ಯ ಆಸ್ತಮಾ ಇರುವವರಿಗೆ ದಮ್ಮು ಬಂದಾಗ ಮಾತ್ರ ಬುಡೆಸೊನೈಡ್-ಫಾರ್ಮೊಟೆರಾಲ್ ಜೋಡಿ ಸೇದಿ ಅಂದರು. ಬರೀ ನಾಳ ಅಗಲಿಸುವ ಔಷಧಕ್ಕೆ ಹೋಲಿಸಿದರೆ ಜೋರಾದ ದಾಳಿ 64% ಕಮ್ಮಿಯಾಯಿತು. ದಿನಾ ಎರಡು ಹೊತ್ತು ಸ್ಟೆರಾಯ್ಡ್ ಸೇದುವವರಿಗೆ ಹೋಲಿಸಿದರೆ ಜೋರಾದ ದಾಳಿ ತಡೆಯುವುದರಲ್ಲಿ ಹಿಂದೆ ಬೀಳಲಿಲ್ಲ, ಅದೂ ಸುಮಾರು ಕಾಲು ಭಾಗ ಸ್ಟೆರಾಯ್ಡ್‌ನಲ್ಲೇ. ದಿನದಿನದ ಲಕ್ಷಣಗಳ ಹತೋಟಿ ಮಾತ್ರ ದಿನಾ ಸೇದಿದವರಲ್ಲೇ ಸ್ವಲ್ಪ ಚೆನ್ನಾಗಿತ್ತು. 2019ರಲ್ಲಿ ಜಾಗತಿಕ ಆಸ್ತಮಾ ಮಾರ್ಗಸೂಚಿ ಕೊಡುವ ಜಿನಾ ಸಂಸ್ಥೆ, ದೊಡ್ಡವರಿಗೆ ಸಾಲ್ಬುಟಮಾಲ್ ಒಂದನ್ನೇ ಕೊಟ್ಟು ಕಳಿಸುವುದನ್ನು ಇನ್ನು ಮೇಲೆ ಶಿಫಾರಸು ಮಾಡುವುದಿಲ್ಲ ಅಂದಿತು.

ಎಲ್ಲ ಜೋಡಿಯನ್ನೂ ಹೀಗೆ ಬೇಕೆಂದಾಗ ಸೇದಲು ಆಗುವುದಿಲ್ಲ. ಫಾರ್ಮೊಟೆರಾಲ್ ಕೆಲವೇ ನಿಮಿಷದಲ್ಲಿ ಕೆಲಸ ಶುರು ಮಾಡುತ್ತದೆ, ಹಾಗಾಗಿ ಅದಿರುವ ಜೋಡಿಯನ್ನು ತುರ್ತಿಗೂ ಬಳಸಬಹುದು. ಸಾಲ್ಮೆಟೆರಾಲ್ ನಿಧಾನ. ಅದಿರುವ ಡಬ್ಬಿ ಬೆಳಿಗ್ಗೆ ಸಂಜೆಗೆ ಮಾತ್ರ, ದಮ್ಮು ಬಂದಾಗ ಅದನ್ನು ಮತ್ತೆ ಮತ್ತೆ ಹೊಡೆದುಕೊಳ್ಳಬಾರದು. ಡಾಕ್ಟರು ಬರೆದದ್ದು ಯಾವುದು ಅಂತ ಡಬ್ಬಿಯ ಮೇಲಿನ ಎರಡೂ ಹೆಸರು ನೋಡಿ ಕೇಳಿಕೊಳ್ಳಿ. 6 ಮೈಕ್ರೋಗ್ರಾಂ ಫಾರ್ಮೊಟೆರಾಲ್ ಇರುವ ಬುಡೆಸೊನೈಡ್ ಜೋಡಿಯಾದರೆ ಬೆಳಿಗ್ಗೆ ಸಂಜೆಯದ್ದೂ ಸೇರಿ ಒಂದು ದಿನಕ್ಕೆ 12 ಸಲ ಮಿತಿ. ಅಷ್ಟರ ಹತ್ತಿರ ಬಂದರೂ ಉಸಿರು ಸಲೀಸಾಗದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ, ಡಬ್ಬಿಯನ್ನೂ ಜೊತೆಗೆ ತಗೊಂಡು ಹೋಗಿ.